ಹಳ್ಳದ ಒಡ್ಡು ನೇರ ಹೋಯಿತು

ಪೆದ್ದಕಡುಬೂರು
14-5-1955, ಶನಿವಾರ

ಹುಲುಗಿಯ ಅಪ್ಪನವರಿಗೆ,

ನಿಮ್ಮನ್ನು ಬೇರೆ ಹೇಗೆ ಕರೆದು ಬರೆಯಬೇಕೋ ತಿಳಿಯಲಿಲ್ಲ, ಹಾಗಾಗಿ ಮೊದಲಿನಂತೆಯೇ ಕರೆದಿದ್ದೇನೆ. ನಿಮ್ಮ ಆರೋಗ್ಯ ಹೇಗಿದೆ? ಹೊಸಪೇಟೆಯ ಕಾಲುವೆಯ ಕೆಲಸದಲ್ಲಿ ಬಿಸಿಲು ಹೆಚ್ಚೆಂದು ಕೇಳಿದೆ. ಮಜ್ಜಿಗೆ ಸಿಗುತ್ತದೆಯೇ? ಅತ್ತೆಯವರು ಕ್ಷೇಮ. ಮೊಣಕಾಲು ನೋವು ಇದ್ದೇ ಇದೆ. ನಾನೂ ಚೆನ್ನಾಗಿದ್ದೇನೆ, ಉಣ್ಣುತ್ತೇನೆ, ಮಲಗುತ್ತೇನೆ. ಈ ಹಾಳೆ ನಾನು ದಿನಾ ಬರೆಯುವ ನೋಟುಬುಕ್ಕಿನದು. ನೀವು ಹೋದಾಗಿನಿಂದ ಅದರಲ್ಲಿ ಬಿಸಿಲು, ಗಾಳಿ, ಮೋಡ ಎಂದಷ್ಟೇ ಬರೆದಿದ್ದೇನೆ.

ಊರಲ್ಲಿ ಹಳ್ಳಕ್ಕೆ ಒಡ್ಡು ಹಾಕುತ್ತಿದ್ದಾರೆ. ಹೋದ ವರ್ಷದಂತೆ ನೀರು ಕೆಳಗೇರಿಗೆ ನುಗ್ಗಬಾರದೆಂದು ಯುಗಾದಿಯ ಮರುದಿನ ಡಂಗುರ ಸಾರಿದರು. ಮನೆಗೊಂದು ಆಳು, ಆಳಿಗೊಂದು ಬುಟ್ಟಿ. ನಮ್ಮ ಮನೆಯನ್ನು ಬಿಟ್ಟಿದ್ದರು, ಸತ್ತ ಮನೆ, ವರ್ಷ ತುಂಬಿಲ್ಲ, ಗಂಡಾಳೂ ಇಲ್ಲ ಎಂದು. ಮನೆಯಲ್ಲಿ ಕೂತರೂ ಅದೇ, ಮಣ್ಣು ಹೊತ್ತರೂ ಅದೇ ಅನ್ನಿಸಿ ನಾನೇ ಹೋದೆ. ಮಣ್ಣಿನ ಕೆಲಸ ಬಲ್ಲ ಒಡ್ಡರ ಉರುಕುಂದಪ್ಪ ಮುಂದೆ ನಿಂತು ಮಾಡಿಸುತ್ತಾನೆ. ಬರೀ ಕರಿಮಣ್ಣು ಬಿಸಿಲಿಗೆ ಬಿರಿಯುತ್ತದೆಂದು ದಿಬ್ಬದ ಗರಸು ಮಣ್ಣು ಬೆರೆಸಿ, ನೀರು ಚಿಮುಕಿಸಿ, ಎತ್ತುಗಳಿಂದ ತುಳಿಸುತ್ತಾನೆ. ಮೊದಲ ದಿನ ಊರ ಹಿರಿಯರಾದ ಭೀಮಲಿಂಗಪ್ಪನವರು ಸಣ್ಣ ಬುಟ್ಟಿ ಹಿಡಿದು ಬಂದರು. ಉರುಕುಂದಪ್ಪ, "ಗೌಡ್ರ, ಮಣ್ಣು ಹೊರಾಕ ಬಂದೀರೋ, ಹೂ ಹರ್ಯಾಕ ಬಂದೀರೋ?" ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆನಂತೆ, ಪಕ್ಕದ ಮನೆಯ ಪಕೀರಮ್ಮ ಆಮೇಲೆ ಹೇಳಿದಳು. ನನಗೆ ನೆನಪಿಲ್ಲ.

ಹೋದ ವಾರದ ಸೋಮವಾರ ಒಡ್ಡು ಜಾಲಿಮರದ ಹತ್ತಿರ ಬಂತು. ಬುಟ್ಟಿ ಹೊತ್ತು ಬರುವಾಗ ಮುಂದಿನವರು ಇದ್ದಕ್ಕಿದ್ದಂತೆ ಎಡಕ್ಕೆ ತಿರುಗಿ ಮಣ್ಣು ಸುರಿಯುತ್ತಿದ್ದರು. ಯಾಕೆಂದು ನೋಡಿದರೆ ಅಲ್ಲಿ ಮೂರು ಕಲ್ಲು. ನಮ್ಮ ಹುಲುಗಿಯದು ಎಂದು ಹಿಂದಿದ್ದವರು ಮೆಲ್ಲಗೆ ಅಂದರು. ಮಣ್ಣು ಮಾಡುವಲ್ಲಿಗೆ ಹೆಂಗಸರು ಹೋಗಬಾರದೆಂದು ಅವತ್ತು ನನ್ನನ್ನು ಬಾಗಿಲಲ್ಲೇ ನಿಲ್ಲಿಸಿದ್ದಿರಿ. ಎಲ್ಲಿ ಎಂದು ನಾನು ಕೇಳಲಿಲ್ಲ, ನೀವೂ ಹೇಳಲಿಲ್ಲ. ಅಷ್ಟು ಚಿಕ್ಕ ಜಾಗ. ನಾಲ್ಕು ವರ್ಷದ ಮಗುವಿಗೆ ಅಷ್ಟೇ ಸಾಕಲ್ಲವೇ. ನಾನು ಬುಟ್ಟಿ ಸುರಿದು ಇನ್ನೊಂದು ತರಲು ಹೋದೆ.

ಜನ ಮರ್ಯಾದೆಗಾಗಿಯೇ ಅಲ್ಲಿ ಒಡ್ಡನ್ನು ಮೂಲೆ ತಿರುಗಿಸಿದ್ದರು. ಉರುಕುಂದಪ್ಪ ಮಾತ್ರ ಸಲಿಕೆ ಕೆಳಗಿಟ್ಟ. "ನೀರಿಗೆ ಮೂಲಿ ಕಂಡ್ರ ಹಸಿವಾಗತೈತಿ. ಮೊದಲ್ನೆ ಮಳಿಗೇ ಇಲ್ಲೇ ಕಡಿತೈತಿ ನೋಡ್ರಿ" ಅಂದ. ಕಡಿದರೆ ಎದುರಿಗಿರುವುದು ಪಕೀರಮ್ಮನ ಹಿತ್ತಲ ಗೋಡೆ, ಅದರ ಹಿಂದೆ ಅವಳ ಮೂರು ಮಕ್ಕಳು ಮಲಗುತ್ತಾರೆ. ಪಕೀರಮ್ಮ ಒಂದು ಮಾತೂ ಆಡಲಿಲ್ಲ. ಅವಳ ಬಾಯಿ ನಿಮಗೆ ಗೊತ್ತಲ್ಲ, ಅವಳು ಸುಮ್ಮನಿದ್ದದ್ದು ಅದೇ ಮೊದಲು. ನನ್ನ ಮುಖವನ್ನೂ ನೋಡಲಿಲ್ಲ.

ನೇರ ಹಾಕಿರಿ ಎಂದು ನಾನೇ ಹೇಳಿದೆ. ಭೀಮಲಿಂಗಪ್ಪನವರು ಒಪ್ಪಲಿಲ್ಲ. "ಮಣ್ಣು ಮುಚ್ಚಿದ ಕೈ ಒಪ್ಪಬೇಕವ್ವ. ಇದಕ್ಕ ತಾಯಿ ಮಾತು ನಡಿಯಂಗಿಲ್ಲ. ನಿನ್ನ ಗಂಡನ್ನ ಕೇಳು" ಅಂದರು. ಅದು ಹಿಂದಿನಿಂದ ಬಂದ ಪದ್ಧತಿಯಂತೆ. ಒಂಬತ್ತು ದಿನ ಕೆಲಸ ನಿಂತಿತು. ಮೊನ್ನೆ ಗುರುವಾರ ಬೆಳಿಗ್ಗೆ ಅವರು ಒಪ್ಪಿದರು. ಒಡ್ಡು ನೇರ ಹೋಯಿತು.

ಕಲ್ಲುಗಳನ್ನು ತೆಗೆಯಲಿಲ್ಲ. ಮೊದಲ ಬುಟ್ಟಿಯನ್ನು ನನ್ನ ಕೈಗೆ ಕೊಟ್ಟರು. ಆ ಜಾಗ ಬಂದಾಗ ಉರುಕುಂದಪ್ಪ ಎತ್ತುಗಳನ್ನು ಬಿಚ್ಚಿ ದೂರ ಕಟ್ಟಿಸಿದ. ಹೆಂಗಸರೆಲ್ಲ ಮೊಣಕಾಲೂರಿ ಅಂಗೈಯಿಂದ ಮಣ್ಣನ್ನು ಒತ್ತಿದರು, ಗೋಡೆಗೆ ಮೆತ್ತುವ ಹಾಗೆ. ಪಕೀರಮ್ಮ ನನ್ನ ಪಕ್ಕದಲ್ಲೇ ಇದ್ದಳು. ಅವಳು ಅತ್ತಳು. ನನಗೆ ಅಳು ಬರಲಿಲ್ಲ. ಮಣ್ಣು ತಣ್ಣಗಿತ್ತು, ಅಷ್ಟು ಗೊತ್ತಾಯಿತು. ಅವತ್ತು ನೋಟುಬುಕ್ಕಿನಲ್ಲಿ ಏನು ಬರೆದೆನೆಂದು ಈಗ ತೆಗೆದು ನೋಡಿದೆ. ಗಾಳಿ ಎಂದಿದೆ.

ಅತ್ತೆಯವರು ನಿಮಗೆ ಆಶೀರ್ವಾದ ಹೇಳಿದ್ದಾರೆ. ಹೊತ್ತಿಗೆ ಸರಿಯಾಗಿ ಉಣ್ಣಿರಿ. ತಲೆಗೆ ಬಟ್ಟೆಯಿಲ್ಲದೆ ಬಿಸಿಲಿಗೆ ನಿಲ್ಲಬೇಡಿರಿ.

ನಿಮ್ಮ ಪಾದಗಳಿಗೆ ನಮಸ್ಕರಿಸುವ,
ಸುಂಕಮ್ಮ

ತಾ.ಕ.: ಟಪಾಲಿನವನು ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಬರುವ ವಾರ ಭೀಮಲಿಂಗಪ್ಪನವರು ಹೊಸಪೇಟೆಗೆ ಬರುತ್ತಾರೆ, ನಿಮ್ಮನ್ನು ಕಂಡು ಮಾತಾಡುತ್ತಾರೆ. ಅವರು ಒಪ್ಪಿದ್ದು ನೀವು ಒಪ್ಪಿಗೆ ಬರೆದಿದ್ದೀರೆಂದು ನಾನು ಕಾರ್ಡು ಓದಿದ್ದಕ್ಕೆ. ಅದು ಸಂಕ್ರಾಂತಿಗೆ ಬಂದ ನಿಮ್ಮ ಕಾರ್ಡು, ಕಂಬಳಿ ಕಳಿಸು ಎಂದು ಬರೆದದ್ದು. ಅವರಿಗೆ ಸಹಿ ಮಾಡುವಷ್ಟೇ ಓದು, ಬೇರೆ ಯಾರೂ ಕಾರ್ಡಿಗೆ ಕೈ ಚಾಚಿ ಕೇಳಲಿಲ್ಲ. ನೀವು ಬರೆದಿಲ್ಲವೆಂದರೆ ಅಷ್ಟೂ ಮಣ್ಣನ್ನು ತೆಗೆಸುತ್ತಾರೆ, ಮಳೆಗೆ ಇನ್ನು ಇಪ್ಪತ್ತು ದಿನ ಇಲ್ಲ. ಒಪ್ಪಿಗೆಯನ್ನು ನೀವೇ ಬರೆದಿರೆಂದು ಅವರಿಗೆ ಅನ್ನಿರಿ. ಓದುವಾಗ ಇನ್ನೊಂದು ಮಾತನ್ನೂ ಸೇರಿಸಿದ್ದೆ, "ಮೊದಲ ಬುಟ್ಟಿ ಅವಳ ತಾಯಿಯೇ ಹಾಕಲಿ" ಎಂದು. ಕೇಳಿದರೆ ಅದನ್ನೂ ನೀವೇ ಬರೆದಿರೆಂದು ಹೇಳಿರಿ.