ಕೈ ಬೆನ್ನ ಹಿಂದೆ

ಅಪ್ಪಾ,

ನೀವು ಹೋಗಿ ಐದು ವರ್ಷವಾದ ಮೇಲೆ ಈ ಕಾಗದ ಬರೆಯುತ್ತಿದ್ದೇನೆ.

ಹೋದ ವಾರ ವಿಜ್ಞಾನ ಶಿಕ್ಷಕರ ತರಬೇತಿಯಲ್ಲಿ ನನ್ನದೇ ತರಗತಿಯ ವಿಡಿಯೊ ತೋರಿಸಿದರು. ಹುಡುಗರ ಪ್ರಯೋಗ ಕೆಟ್ಟರೆ "ಇನ್ನೊಮ್ಮೆ ನೋಡ್ರೋ" ಅನ್ನುತ್ತೇನೆ. ಹುಡುಗಿಯರದ್ದು ಕೆಟ್ಟರೆ "ಕೊಡಮ್ಮ ಇಲ್ಲಿ" ಅಂತ ಕಸಿದುಕೊಂಡು ನಾನೇ ಸರಿಮಾಡಿಕೊಡುತ್ತೇನೆ. ಪ್ರೀತಿಯಿಂದಲೇ! ನಾಚಿಕೆಯಾಗಿ ತಲೆ ತಗ್ಗಿಸಿದೆ. ನೀವು ನೆನಪಾದಿರಿ. ರೇಡಿಯೊ ರಿಪೇರಿಗೆ ಕೂತಾಗ "ಶಾಕ್ ಹೊಡೆಯುತ್ತೆ ಪುಟ್ಟಿ" ಅಂತ ನನ್ನ ಕೈಯಿಂದ ಸ್ಕ್ರೂಡ್ರೈವರ್ ತೆಗೆದುಕೊಳ್ಳುತ್ತಿದ್ದಿರಿ. ನನ್ನ ಕೈಲಾಗದು ಅಂತ ನೀವು ಅಂದುಕೊಂಡಿದ್ದೀರಿ ಎಂದೇ ನಂಬಿ, ಸಿಟ್ಟು ಮಾಡಿಕೊಂಡು, ನಿಮ್ಮ ರಿಪೇರಿ ಮೇಜಿನ ಹತ್ತಿರ ಮತ್ತೆ ಬರಲೇ ಇಲ್ಲ. ಆಮೇಲೆ ನೀವೇ ಕರೆದಾಗಲೂ.

ಇವತ್ತು ತರಗತಿಯಲ್ಲಿ ಒಬ್ಬ ಹುಡುಗಿ ಬ್ಯಾಟರಿಗೆ ಜೋಡಿಸಿದ ಪುಟ್ಟ ಫ್ಯಾನು ತಿರುಗಲಿಲ್ಲ. "ಮೇಡಂ, ನೀವೇ ಮಾಡ್ಕೊಡಿ" ಅಂದಳು. ನಾನು ಕೈ ಬೆನ್ನ ಹಿಂದೆ ಕಟ್ಟಿಕೊಂಡೆ.

"ಎಲ್ಲಿ ತಪ್ಪಿರಬಹುದು, ಹೇಳು?"

ತಂತಿಗಳನ್ನೆಲ್ಲ ಬಿಚ್ಚಿದಳು, ಗೊಣಗಿದಳು, ಮತ್ತೆ ಜೋಡಿಸಿದಳು. ಸುಮ್ಮನೆ ನಿಲ್ಲುವುದು ಎಷ್ಟು ಕಷ್ಟ ಅಪ್ಪಾ! ಕಡೆಗೂ ಫ್ಯಾನು ತಿರುಗಿತು. "ಲೇ, ಬಾರೇ, ನೋಡೇ!" ಅಂತ ಗೆಳತಿಯನ್ನು ಕೂಗಿದಳು. ನಾನು ಪಕ್ಕದಲ್ಲಿರುವುದೇ ಅವಳಿಗೆ ಮರೆತುಹೋಗಿತ್ತು.

ಆಚೆ ಬಂದು, ಎಷ್ಟೋ ವರ್ಷಗಳ ನಂತರ, ನಿಮ್ಮ ಮೇಲೆ ಸಿಟ್ಟಿಲ್ಲದೆ ಒಂದು ಲೋಟ ನೀರು ಕುಡಿದೆ.