ನಕ್ಷೆಯಲ್ಲಿಲ್ಲದ ಎರಡು ಮಿಲಿಮೀಟರ್

ಅಣ್ಣನಿಗೆ,

ಮೊದಲು 'ಪ್ರೀತಿಯ' ಎಂದು ಸೇರಿಸಿದ್ದೆ. ಓದಿ ನೋಡಿದರೆ ಸುಳ್ಳು ಅನ್ನಿಸಿತು, ಹೊಡೆದುಹಾಕಿದೆ. ನೀನು ಅಣ್ಣ ಎನ್ನುವುದು ಮಾತ್ರ ನಿಜ, ಅದನ್ನು ಉಳಿಸಿಕೊಂಡಿದ್ದೇನೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ಏನಾದರೊಂದು ಹೇಳಿ ನಗಿಸಿಬಿಡುತ್ತೀಯ. ನಾನೂ ನಕ್ಕುಬಿಡುತ್ತೇನೆ, ಆಮೇಲೆ ಎರಡು ದಿನ ನನ್ನ ಮೇಲೇ ಸಿಡಿಮಿಡಿಗೊಳ್ಳುತ್ತಾ ಓಡಾಡುತ್ತೇನೆ.

ಅಪ್ಪನ ಪುಟ್ಟ ಮಾದರಿ ಉಗಿಬಂಡಿ ಓಡಿತು. ಮೊನ್ನೆ ಭಾನುವಾರ ಬೆಳಿಗ್ಗೆ, ನನ್ನ ಕೆಲಸದ ಕೋಣೆಯಲ್ಲಿ, ಗೋಡೆಯಿಂದ ಗೋಡೆಗೆ ಹಾಕಿದ ಹಳಿಯ ಮೇಲೆ, ತನ್ನದೇ ನೀರು ಕಾಯಿಸಿಕೊಂಡು ತನ್ನದೇ ಉಗಿಯಲ್ಲಿ ಓಡಿತು. ಇಪ್ಪತ್ತು ವರ್ಷದಿಂದ ನಿನ್ನ ಗ್ಯಾರೇಜಿನಲ್ಲಿ ಬಟ್ಟೆ ಹೊದ್ದು ಕೂತಿರುವ ಅರೆಬರೆ ಬಂಡಿಯಲ್ಲ. ನಾನು ಮಾಡಿದ್ದು.

ನಿನಗೆ ನೆನಪಿದೆಯೋ ಇಲ್ಲವೋ, ಅಪ್ಪ ಮನೆಯಲ್ಲಿ ಲೋಹ ಕಡೆಯುವ ಲೇತಿನ ಮುಂದೆ ನಿಂತಾಗ ನಿನಗೆ ಮಾತ್ರ ಸ್ಟೂಲು ಹಾಕಿಕೊಡುತ್ತಿದ್ದರು. ನನಗೆ ಸಿಗುತ್ತಿದ್ದದ್ದು ಪೊರಕೆ. ನೆಲದ ಮೇಲೆ ಬಿದ್ದ ಹಿತ್ತಾಳೆಯ ಸುರುಳಿಗಳನ್ನು ಗುಡಿಸಿ ಬಿಸ್ಕತ್ತಿನ ಡಬ್ಬಿಯಲ್ಲಿ ತುಂಬಿಡುತ್ತಿದ್ದೆ. "ಲೇತಿನ ಹತ್ರ ಬರಬೇಡಮ್ಮ, ಜಡೆ ಸಿಕ್ಕಿಕೊಳ್ಳುತ್ತೆ" ಅನ್ನುತ್ತಿದ್ದರು. ಹನ್ನೊಂದನೇ ವಯಸ್ಸಿನಲ್ಲಿ ಅಮ್ಮನ ಕತ್ತರಿ ತೆಗೆದುಕೊಂಡು ಜಡೆಯನ್ನೇ ಕತ್ತರಿಸಿಕೊಂಡು ಹೋಗಿ ನಿಂತೆ. ಅಪ್ಪ ನನ್ನ ತಲೆಯನ್ನು ಸ್ವಲ್ಪ ಹೊತ್ತು ನೋಡಿದರು. "ಈಗ ಕೈ ಸಿಕ್ಕಿಕೊಳ್ಳುತ್ತೆ" ಅಂದರು. ನೀನು ಸ್ಟೂಲಿನ ಮೇಲೆ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅಮ್ಮ ಹೊಡೆದ ಏಟಿಗಿಂತ ಆ ನಗು ಹೆಚ್ಚು ದಿನ ಉರಿಯಿತು.

ಅಪ್ಪ ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ಲೇತು ನಿನ್ನ ಮನೆಗೆ ಹೋಯಿತು, ಅರ್ಧ ಮಾಡಿದ ಬಂಡಿಯೂ ಹೋಯಿತು. "ನಾನು ಮುಗಿಸ್ತೀನಿ ಬಿಡಪ್ಪ" ಎಂದು ನೀನೇ ಮಾತು ಕೊಟ್ಟೆ. ಮೊದಲ ವರ್ಷ ಲೇತಿಗೆ ಎಣ್ಣೆ ಹಾಕಿದೆ. ಎರಡನೆಯ ವರ್ಷ ಅದರ ಮೇಲೆ ಹಳೆಯ ಪೇಪರು ಬಂದು ಕೂತವು. ಆಮೇಲೆ ಅತ್ತಿಗೆ ಒದ್ದೆ ಟವೆಲು ಹರವಲು ಶುರು ಮಾಡಿದರು, ಅವರದೇನೂ ತಪ್ಪಿಲ್ಲ. ನಾನು ಒಮ್ಮೆ ಕೇಳಿದ್ದೆ, ನೀನು ಮಾಡದಿದ್ದರೆ ನನಗಾದರೂ ಕೊಡು ಅಂತ. "ಹಲ್ಲಿಗೆ ಲೇತ್ ಯಾಕೆ?" ಅಂದೆ ನೀನು. ಡೆಂಟಿಸ್ಟುಗಳಿಗೆ ಹಲ್ಲಿನ ಕ್ಯಾಪು ಮಾಡಿಕೊಟ್ಟು ಹೊಟ್ಟೆ ಹೊರೆಯುವ ತಂಗಿಗೆ ನೀನಿಟ್ಟ ಹೆಸರು ಹಲ್ಲಿ. ಅದಕ್ಕೂ ನಾನು ನಕ್ಕಿದ್ದೆ.

ಅಪ್ಪನಿಗೆ ಪಾರ್ಶ್ವವಾಯು ಹೊಡೆದಾಗ ಲೇತು ನಿನ್ನ ಮನೆಯಲ್ಲೇ, ಅಪ್ಪ ನನ್ನ ಮನೆಗೆ ಎನ್ನುವುದು ತಾನಾಗಿ ತೀರ್ಮಾನವಾಯಿತು. ಬಲಗೈ ಹೋಗಿತ್ತು, ಮಾತು ಹೋಗಿತ್ತು, ಮಾತಿನ ಜೊತೆ ಅಕ್ಷರವೂ ಹೋಗಿತ್ತು. ಎಡಗೈಗೆ ಪೆನ್ನು ಕೊಟ್ಟರೆ ಬರೀ ಗೀಚು. ಅವರ ಟ್ರಂಕಿನಲ್ಲಿ ಬಟ್ಟೆಯ ಅಡಿಯಲ್ಲಿ ಬಂಡಿಯ ನಕ್ಷೆಯ ಸುರುಳಿ ಇತ್ತು. ಅದನ್ನು ಮಂಚದ ಮೇಲೆ ಬಿಚ್ಚಿದಾಗ ಅಪ್ಪ ಎಡಗೈಯಿಂದ ಗೆರೆಗಳನ್ನು ಸವರುತ್ತಾ ಅತ್ತರು. ಅವತ್ತೇ ಅಂದುಕೊಂಡೆ, ಇದನ್ನು ಇವರ ಕಣ್ಣೆದುರು ಓಡಿಸಬೇಕು.

ನನ್ನ ಹತ್ತಿರ ಲೇತು ಇರಲಿಲ್ಲ, ತ್ರೀಡಿ ಪ್ರಿಂಟರ್ ಇತ್ತು. ನೀನು 'ಪ್ಲಾಸ್ಟಿಕ್ ಆಟ' ಎಂದು ಹೀಗಳೆಯುವ ಅದೇ ಪೆಟ್ಟಿಗೆ. ತಟ್ಟೆಯಲ್ಲಿ ಜೇನಿನಂಥ ರೆಸಿನ್ ದ್ರವ, ಕೆಳಗಿನಿಂದ ಬೆಳಕು, ಕೂದಲೆಳೆಗಿಂತ ತೆಳುವಾದ ಪದರದ ಮೇಲೆ ಪದರ ಗಟ್ಟಿಯಾಗುತ್ತಾ ಚಕ್ರವೊಂದು ತಲೆಕೆಳಗಾಗಿ ಮೇಲೆದ್ದು ಬರುತ್ತದೆ. ರೆಸಿನ್ನು ಉಗಿಯ ಬಿಸಿ ತಾಳುವುದಿಲ್ಲ, ಅಷ್ಟು ನನಗೂ ಗೊತ್ತು. ಕ್ಯಾಪು ಮಾಡುವ ಹಾಗೆಯೇ ಮಾಡಿದೆ. ರೆಸಿನ್ನಿನ ಭಾಗವನ್ನು ಸ್ಪಿರಿಟ್ಟಿನಲ್ಲಿ ತೊಳೆದು, ಅಚ್ಚಿನ ಪುಡಿ ಕಲಸಿ ಅದರೊಳಗೆ ಹೂತು, ಕುಲುಮೆಯಲ್ಲಿಟ್ಟರೆ ರೆಸಿನ್ ಸುಟ್ಟುಹೋಗಿ ಅದರ ಆಕಾರದ ಟೊಳ್ಳು ಉಳಿಯುತ್ತದೆ. ಆ ಟೊಳ್ಳಿಗೆ ಕರಗಿದ ಹಿತ್ತಾಳೆ. ಬಾಯ್ಲರನ್ನು ಮಾತ್ರ ತಾಮ್ರದ ಕೆಲಸದವರೊಬ್ಬರಿಂದ ಬೆಸುಗೆ ಹಾಕಿಸಿಕೊಂಡೆ. ಒಂಬತ್ತು ತಿಂಗಳು ಹಿಡಿಯಿತು. ಅಪ್ಪ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ಪ್ರತಿಯೊಂದು ಭಾಗವನ್ನೂ ಎಡಗೈಯಲ್ಲಿ ತಿರುಗಿಸಿ ನೋಡುತ್ತಿದ್ದರು. ಚಕ್ರದ ಅಂಚಿಗೆ ಹೆಬ್ಬೆರಳು ಒತ್ತಿ ತಲೆದೂಗಿದ ದಿನ ನನಗೆ ನಲವತ್ತಾರು ವರ್ಷ, ಆದರೂ ಕುಣಿಯಬೇಕು ಅನ್ನಿಸಿತ್ತು.

ಮೊದಲ ಸಲ ಉಗಿ ಏರಿಸಿದಾಗ ಬಂಡಿಯ ಚಕ್ರ ಅರ್ಧ ಸುತ್ತು ತಿರುಗಿ, ಒಂದು ಸಲ ಮುಕ್ಕರಿಸಿ, ನಿಂತುಬಿಟ್ಟಿತು. ಅಪ್ಪ ಎಡಗೈಯ ಎರಡು ಬೆರಳೆತ್ತಿ ತೋರಿಸಿದರು. ಇನ್ನೆರಡು ಸಲ ಪ್ರಯತ್ನಿಸು ಅನ್ನುತ್ತಿದ್ದಾರೆ ಅಂದುಕೊಂಡು ಇನ್ನೆರಡು ಸಲ ಓಡಿಸಿದೆ. ಮತ್ತೆ ಎರಡು ಬೆರಳು. ಮತ್ತೆ ಎರಡು ಸಲ. ಅಪ್ಪ ಕೈ ಕೆಳಗಿಟ್ಟು ಕಣ್ಣು ಮುಚ್ಚಿಕೊಂಡರು. ದಣಿದಿರಬೇಕು ಎಂದು ಕಾಲ ಮೇಲೆ ಶಾಲು ಹೊದಿಸಿದೆ. ಎಂಥ ಪೆದ್ದಿ ನಾನು.

ಅವತ್ತು ಸಂಜೆಯೇ ನಿನಗೆ ಫೋನು ಮಾಡಿದೆ. ನಕ್ಷೆ ಹೇಗಿದೆಯೋ ಹಾಗೇ ಮಾಡಿದ್ದೇನೆ, ಅರ್ಧ ಸುತ್ತಿಗೇ ನಿಲ್ಲುತ್ತದೆ, ಏನಿರಬಹುದು ಎಂದು ಕೇಳಿದೆ. "ರೆಸಿನ್ ಅಲ್ವಾ, ಕುಗ್ಗಿರುತ್ತೆ ಬಿಡು" ಅಂದೆ ನೀನು. ಅಪ್ಪ ಎರಡು ಬೆರಳು ತೋರಿಸುತ್ತಾರೆ, ಏನು ಅಂತ ಗೊತ್ತಾಗುತ್ತಿಲ್ಲ ಅಂದೆ ನಾನು. "ಎರಡೇ ಹೊತ್ತು ಊಟ ಹಾಕ್ತಿದ್ದೀಯೇನೋ, ಮೂರು ಹೊತ್ತು ಹಾಕು ಹಲ್ಲಿ" ಅಂದೆ ನೀನು. ನಾನು ನಕ್ಕೆ ಅಣ್ಣ. ಆ ನಗುವನ್ನು ವಾಪಸ್ ತೆಗೆದುಕೊಳ್ಳುವ ದಾರಿ ಇದ್ದರೆ ತೆಗೆದುಕೊಳ್ಳುತ್ತಿದ್ದೆ.

ನಿನ್ನ ಮಾತು ನಂಬಿದೆ. ರೆಸಿನ್ ಕುಗ್ಗುತ್ತದೆ, ಹಿತ್ತಾಳೆಯೂ ಆರುವಾಗ ಕುಗ್ಗುತ್ತದೆ, ಅದಕ್ಕೆ ತಕ್ಕಂತೆ ಅಳತೆ ಹಿಗ್ಗಿಸುವುದೇ ನನ್ನ ಕಸುಬು. ತಪ್ಪು ನನ್ನದೇ ಇರಬೇಕು, ಅಪ್ಪನ ನಕ್ಷೆ ಹೇಗೆ ತಪ್ಪಾದೀತು? ಚಕ್ರಗಳ ನಡುವಿನ ಸರಳಿನ ಮೇಲೆ ಕೂತು ಉಗಿಯ ಬಾಗಿಲನ್ನು ಹಿಂದೆ ಮುಂದೆ ತಳ್ಳುವ, ತೂತು ನಡುವಿನಲ್ಲಿರದೆ ಒಂದು ಪಕ್ಕಕ್ಕಿರುವ ಪುಟ್ಟ ಬಿಲ್ಲೆಯಿದೆಯಲ್ಲ, ಅದು ಬಾಗಿಲನ್ನು ಸರಿಯಾಗಿ ತೆರೆಯುತ್ತಿಲ್ಲ ಎನ್ನುವುದು ಕಣ್ಣಿಗೆ ಕಾಣುತ್ತಿತ್ತು. ಆ ಬಿಲ್ಲೆಯೊಂದನ್ನೇ ಹನ್ನೊಂದು ಸಲ ಮಾಡಿದೆ. ನಕ್ಷೆಯಲ್ಲಿ ತೂತು ಮೂರು ಮಿಲಿಮೀಟರ್ ಸರಿದಿರಬೇಕು ಎಂದಿತ್ತು. ಒಂದೊಂದು ಸಲವೂ ಆ ಮೂರಕ್ಕೆ ಕೂದಲೆಳೆಯಷ್ಟು ಇನ್ನೂ ಹತ್ತಿರ ಹೋದೆ. ನಡುವೆ ಎರಡು ಸಲ ಮತ್ತೆ ನಿನ್ನನ್ನು ಕೇಳಿದೆ. "ನಂಗೇನು ಗೊತ್ತಮ್ಮ ನಿನ್ನ ಪ್ಲಾಸ್ಟಿಕ್ ವಿದ್ಯೆ" ಅಂದೆ ನೀನು. ಹನ್ನೊಂದನೆಯದು ಅಚ್ಚಿನಲ್ಲಿ ಆರುತ್ತಿದ್ದಾಗ ಅಪ್ಪ ಹೋದರು, ಮಧ್ಯಾಹ್ನ, ಅದೇ ಕುರ್ಚಿಯಲ್ಲಿ. ವಾರದ ಮೇಲೆ ಅಚ್ಚು ಒಡೆದು ನೋಡಿದೆ. ಬಿಲ್ಲೆ ನಕ್ಷೆಗೆ ಕೂದಲಷ್ಟೂ ತಪ್ಪದೆ ಬಂದಿತ್ತು.

ಆಮೇಲೆ ನೀನು ಅತ್ತಿಗೆಯ ಜೊತೆ ಅಪ್ಪನ ವರ್ನಿಯರ್ ಅಳತೆಗೋಲು ತೆಗೆದುಕೊಂಡು ಹೋಗಲು ಬಂದೆ. ಕಪಾಟಿನ ಮೇಲಿದ್ದ ಬಂಡಿ ನೋಡಿದೆ. ಅದೇ ವರ್ನಿಯರಿನಿಂದ ಬಿಲ್ಲೆ ಅಳೆದು, ಚಹಾ ಗುಟುಕರಿಸುತ್ತಾ, ಹವಾಮಾನದ ಸುದ್ದಿ ಹೇಳುವವನ ಹಾಗೆ ಹೇಳಿದೆ. "ಅಯ್ಯೋ, ನಕ್ಷೆಯಲ್ಲಿದ್ದ ಹಾಗೇ ಮಾಡ್ಬಿಟ್ಟಿದ್ದೀಯಲ್ಲೇ. ಇದಕ್ಕೆ ಎರಡು ಮಿಲಿಮೀಟರ್ ಕೂಡಿಸಬೇಕು. ಕಾರ್ಖಾನೆಯಲ್ಲಿ ಯಾರೂ ಕದಿಯಬಾರದು ಅಂತ ಅಪ್ಪ ಪ್ರತಿ ನಕ್ಷೆಯಲ್ಲೂ ಒಂದು ಅಳತೆ ಬೇಕಂತಲೇ ತಪ್ಪು ಬರೀತಿದ್ರು. ಸರಿ ಅಳತೆ ತಲೆಯಲ್ಲಿ. ನಂಗೆ ಮಾತ್ರ ಹೇಳಿದ್ರು. ಕೇಳಿದ್ರೆ ಹೇಳ್ತಿದ್ದೆನಲ್ಲ."

ಅತ್ತಿಗೆಯೇ ಲೋಟ ಕೆಳಗಿಟ್ಟು ಹೇಳಿದರು. "ಕೇಳಿದ್ಲಲ್ರೀ. ಮೂರು ಸಲ ಕೇಳಿದ್ಲು. ನಾನು ಪಕ್ಕದಲ್ಲೇ ಇದ್ದೆ." ನೀನು ಚಹಾಕ್ಕೆ ಸಕ್ಕರೆ ಕಮ್ಮಿ ಅಂದೆ.

ಅಪ್ಪನ ಮೇಲೂ ಸಿಟ್ಟಿದೆ, ಇಲ್ಲ ಅನ್ನುವುದಿಲ್ಲ. ಕಳ್ಳರಿಗೆಂದು ತೋಡಿದ ಗುಂಡಿಗೆ ಮಗಳು ಬಿದ್ದಳು. ಆದರೆ ಅವರು ಕೊನೆಗೆ ಹೇಳಲು ನೋಡಿದರು, ಇದ್ದ ಒಂದು ಕೈಯಲ್ಲಿ ಎಷ್ಟು ಸಾಧ್ಯವೋ ಅಷ್ಟು ಹೇಳಿದರು. ನಿನಗೆ ನಾಲಿಗೆ ಇತ್ತು. ನಾನು ಮುಗಿಸಿಬಿಟ್ಟರೆ ಗ್ಯಾರೇಜಿನಲ್ಲಿ ಕೂತಿರುವ ಅರೆಬರೆ ಬಂಡಿಗೆ ಏನು ನೆಪ ಹೇಳುವುದು ಎನ್ನುವುದು ನಿನ್ನ ಚಿಂತೆಯಾಗಿತ್ತು, ಅಲ್ಲವೇ? ಒಂದು ಬಿಲ್ಲೆಗೆ ಎರಡು ದಿನದ ಕೆಲಸ. ಮೊದಲ ಸಂಜೆಯೇ ನೀನು ಬಾಯಿಬಿಟ್ಟಿದ್ದರೆ ಮೂರನೆಯ ದಿನ ಅಪ್ಪ ಬಂಡಿ ಓಡಿದ್ದನ್ನು ನೋಡುತ್ತಿದ್ದರು. ಅವರು ಆಮೇಲೆ ಏಳು ವಾರ ಬದುಕಿದ್ದರು ಅಣ್ಣ.

ಹನ್ನೆರಡನೆಯ ಬಿಲ್ಲೆಗೆ ತೂತನ್ನು ಐದು ಮಿಲಿಮೀಟರ್ ಸರಿಸಿದೆ. ಉಗಿ ಬಿಟ್ಟ ತಕ್ಷಣ ಬಂಡಿ ಹೊರಟಿತು, ಹಿಂದೆ ಮುಂದೆ, ನೀರು ಮುಗಿಯುವವರೆಗೂ. ಖುಷಿಯಾಗಲಿಲ್ಲ. ಅದು ಎಷ್ಟು ಸಲೀಸಾಗಿ ಓಡಿತೋ ಅಷ್ಟೂ ಹೊಟ್ಟೆ ಉರಿಯಿತು. ಕಿಟಕಿಯ ಪಕ್ಕದ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಟ್ಟು ಬಂದೆ.

ಈ ಪತ್ರದ ಜೊತೆ ನಕ್ಷೆಯ ಒಂದು ಪ್ರತಿ ಇದೆ. ಮೂರನ್ನು ಹೊಡೆದು ಕೆಂಪು ಶಾಯಿಯಲ್ಲಿ ಐದು ಎಂದು ಬರೆದಿದ್ದೇನೆ. ಇದೇ ಪ್ರತಿಯನ್ನು ಬಂಡಿ ಕಟ್ಟುವ ಹುಚ್ಚಿರುವ, ನನಗೆ ಗೊತ್ತಿರುವ ಎಲ್ಲರಿಗೂ ಕಳಿಸಿದ್ದೇನೆ. ನಮ್ಮ ಮನೆಯ ಗುಟ್ಟು ಎಂದು ನೀನು ತಲೆಯಲ್ಲಿ ಇಟ್ಟುಕೊಂಡಿದ್ದದ್ದು ಈಗ ಊರವರೆಲ್ಲರ ಸೊತ್ತು. ಒಂದು ಪೊಟ್ಟಣವೂ ಇದೆ, ಅದರಲ್ಲಿ ಹನ್ನೊಂದು ಬಿಲ್ಲೆಗಳಿವೆ. ಒಂದೂ ಕುಗ್ಗಿಲ್ಲ. ಅಪ್ಪನ ವರ್ನಿಯರ್ ನಿನ್ನ ಹತ್ತಿರವೇ ಇದೆ, ಅಳೆದು ನೋಡಿಕೋ.

ಚೆನ್ನಾಗಿರು. ಅತ್ತಿಗೆಯನ್ನು ಚೆನ್ನಾಗಿ ನೋಡಿಕೋ. ನಿನ್ನ ಮಗಳು ಮುಂದೆ ಯಾವತ್ತಾದರೂ ನಿನ್ನನ್ನು ಏನಾದರೂ ಕೇಳಿದರೆ, ಗೊತ್ತಿದ್ದರೆ, ಹೇಳು.

ಹಲ್ಲಿಯಲ್ಲ,
ನಿನ್ನ ತಂಗಿ