ಬಲಕ್ಕೆ ಬಿದ್ದ ಸೈಕಲ್ಲು

ಮನೆಯಿಂದ,
ಮಾರ್ಚ್ ೧೨, ಮಧ್ಯಾಹ್ನ

ಪ್ರೀತಿಯ ಗುಬ್ಬಿ,

ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ. ಮಂಡಿ ನೋವು ಇಳಿಯಿತೇ? ರೇಸಿನ ತರಬೇತಿ ಎಂದು ಊಟ ಬಿಡಬೇಡ. ನಾವು ಕ್ಷೇಮ ಎಂದು ಬರೆಯಬೇಕು, ಆದರೆ ಆ ಮಾತು ನಿಜವೋ ಅಲ್ಲವೋ ಎಂದು ತಿಳಿಯಲೆಂದೇ ಕಾಗದ ಹಿಡಿದಿದ್ದೇನೆ. ಫೋನಿನಲ್ಲಿ ಹೇಳೋಣವೆಂದರೆ ನಿಮ್ಮಪ್ಪ ಪಕ್ಕದಲ್ಲೇ ಕಿವಿ ನೆಟ್ಟು ಕೂತಿರುತ್ತಾರೆ.

ನೀನು ಬಿಟ್ಟುಹೋದ ತೆಳು ಟೈರಿನ ಸೈಕಲ್ಲಿನ ಹಿಂದಿನ ಗೇರು ಕೆಟ್ಟಿತ್ತು. ಒಂದು ಗೇರು ಬದಲಿಸಿದರೆ ಚೈನು ಎರಡು ಹಲ್ಲುಚಕ್ರ ದಾಟುವುದು, ಇಲ್ಲವೇ ಕಟಕಟ ಎನ್ನುತ್ತ ಇದ್ದಲ್ಲೇ ಇರುವುದು. ಹೋದ ವಾರವೆಲ್ಲ ನಿಮ್ಮಪ್ಪ ಹಿತ್ತಲಲ್ಲಿ ಅದನ್ನು ಹಗ್ಗಕ್ಕೆ ನೇತುಹಾಕಿ ಪೆಡಲು ತಿರುಗಿಸುತ್ತ ಕೂತಿದ್ದರು. ಆ ಸಲ ಇವರಿಗೆ ತಲೆಸುತ್ತು ಬಂದ ಮೇಲೆ ಸೈಕಲ್ ಹತ್ತಲೇಕೂಡದು ಎಂದು ಡಾಕ್ಟರು ಹೇಳಿದ್ದಾರಲ್ಲ, ಹತ್ತದ ಸೈಕಲ್ಲಿನ ಗೇರು ಕೆಟ್ಟದ್ದು ಇವರಿಗೆ ತಿಳಿದದ್ದು ಹೇಗೆ? ಕೇಳಿದರೆ, "ಸುಮ್ನೆ ನಿಲ್ಸಿದ್ರೂ ಕೇಬಲ್ಲು ಸಡಿಲ ಆಗುತ್ತೆ, ನಿನಗೇನೇ ಗೊತ್ತು" ಎಂದರು. ಕೇಬಲ್ಲಿನ ತುದಿಯ ತಿರುಪನ್ನು ಅತ್ತ ಒಂದು ಸುತ್ತು, ಇತ್ತ ಒಂದು ಸುತ್ತು. ದೊಡ್ಡ ಚಕ್ರದಲ್ಲಿ ಸರಿಹೋದರೆ ಸಣ್ಣದರಲ್ಲಿ ಕೆಡುತ್ತಿತ್ತು.

ಹೊಲಿಗೆ ಮಿಷನ್ನಿನ ಮುಂದೆ ಬೆನ್ನು ಸವೆಸಿದವಳು ನಾನು. ಹೊಲಿಗೆ ಹಾರಿದರೆ ಹೊಸಬರು ದಾರದ ಬಿಗಿ ತಿರುಗಿಸುತ್ತಾರೆ, ನಾನು ಮೊದಲು ಸೂಜಿ ಬಾಗಿದೆಯೇ ನೋಡುತ್ತೇನೆ. ಇವರು ಸ್ನಾನಕ್ಕೆ ಹೋದಾಗ ಸೈಕಲ್ಲಿನ ಹಿಂದೆ ಕುಕ್ಕರಗಾಲಲ್ಲಿ ಕೂತು ಒಂದು ಕಣ್ಣು ಮುಚ್ಚಿ ನೋಡಿದೆ. ಚೈನನ್ನು ಅತ್ತಿತ್ತ ತಳ್ಳುವ ಆ ಸಣ್ಣ ತೋಳು ಚಕ್ರದ ಕಡೆ ವಾಲಿತ್ತು. ನೀನು ಹೋಗುವ ಮುಂಚೆ ಸರ್ವೀಸ್ ಮಾಡಿದವನು ಸೈಕಲ್ ಅಂಗಡಿಯವನೇ ತಾನೇ, ನನ್ನ ಅನುಮಾನ ಮೊದಲು ಅವನ ಮೇಲೆಯೇ ಹೋಯಿತು. ಅಲ್ಲಿಗೇ ತಳ್ಳಿಕೊಂಡು ಹೋಗಿ ಕೇಳಿದೆ. "ನನ್ನ ಮೇಲ್ಯಾಕಕ್ಕಾ ಗೂಬೆ ಕೂರಿಸ್ತೀರಿ? ಇದು ಬಲಕ್ಕೆ ಬಿದ್ದಿರೋ ಸೈಕಲ್ಲು. ಗೇರು ಸಿಕ್ಕಿಸಿರೋ ಕೊಂಡಿ ಬಾಗಿದೆ. ಕೇಬಲ್ಲು ಎಷ್ಟು ತಿರುವಿದ್ರೂ ಅಷ್ಟೇ" ಎಂದ. ಕೊಂಡಿ ಬದಲಿಸಿದ. ಈಗ ಚೈನು ಜಪಮಣಿ ಸರಿದಂತೆ ಒಂದೊಂದೇ ಸರಿಯುತ್ತದೆ.

ಸೈಕಲ್ಲೇನೋ ನೆಟ್ಟಗಾಯಿತು. ಬೀಳಿಸಿದ್ದು ಯಾರು? "ಗಾಳಿಗೆ ಬಿತ್ತು" ಎಂದರು ನಿಮ್ಮಪ್ಪ. ಎಲೆ ಅಲುಗುವಷ್ಟೂ ಗಾಳಿ ಇರಲಿಲ್ಲ. ಮದುವೆಯಾದಾಗಿನಿಂದ ಒಂದು ಕರ್ಚೀಫು ಒಗೆಯದವರು ಈಗ ತಮ್ಮ ಅಂಗಿ ತಾವೇ ಒಗೆಯುತ್ತಾರೆ. ಈ ಸೆಕೆಯಲ್ಲೂ ಅಂಗಿಯ ತುಂಬುತೋಳು ಇಳಿಬಿಟ್ಟೇ ಮಲಗುತ್ತಾರೆ. ನಿನ್ನೆ ಬಡಿಸುವಾಗ ತೋಳನ್ನು ಹಿಡಿದೆಳೆದೆ. ಬಲ ಮೊಣಕೈ ಪೂರ್ತಿ ತರಚಿದೆ. "ಹೂಂ, ಬಿದ್ದೆ. ಗೇರು ಹಾರಿ ಬಿದ್ದೆ, ತಲೆ ತಿರುಗಿ ಅಲ್ಲ" ಎಂದರು. ದೇವರ ಮುಂದೆ ಹೇಳಿ ಎಂದೆ. "ಸೈಕಲ್ ರಿಪೇರಿಗೆಲ್ಲ ದೇವರನ್ನ ಕರೀಬೇಡ ಮಾರಾಯ್ತಿ" ಎಂದು ತಟ್ಟೆ ಬಿಟ್ಟು ಎದ್ದರು. ನಿಜವಿದ್ದರೆ ಹೇಳಲು ಏನು ಕಷ್ಟ?

ಎರಡು ಹೊತ್ತೂ ದೀಪ ಹಚ್ಚುವಾಗ ನಿನ್ನ ಹೆಸರು ಹೇಳುತ್ತೇನೆ. ನಿನಗೆ ಒಳ್ಳೆಯದಾಗಲಿ.

ನಿನ್ನ
ಅಮ್ಮ

ಮರೆತಿದ್ದೆ: ಇವರು ಬರುವ ಸದ್ದಾಗುತ್ತಿದೆ, ಬೇಗ ಬರೆಯುತ್ತೇನೆ. ಸರ್ವೀಸ್ ಆದ ಮೇಲೆ ನೀನು ಕೊನೆಯ ಸಲ ಓಡಿಸಿದಾಗ ಗೇರು ಸರಿಯಿತ್ತೇ? ಅಷ್ಟನ್ನೇ ಬರೆ. ಸರಿಯಿತ್ತೆಂದರೆ ಮೊದಲು ತಲೆ ತಿರುಗಿ ಬಿದ್ದದ್ದು ಇವರು, ಆಮೇಲೆ ಕೆಟ್ಟದ್ದು ಗೇರು; ನಿನ್ನ ಕಾಗದ ಬಂದ ಮರುದಿನವೇ ಡಾಕ್ಟರ ಹತ್ತಿರ ಎಳೆದೊಯ್ಯುತ್ತೇನೆ. ಇವರು ಆಗಲೇ ನಿನಗೆ ಗುಟ್ಟಾಗಿ ಫೋನು ಮಾಡಿ, ಗೇರು ಮೊದಲೇ ಕೆಟ್ಟಿತ್ತೆಂದು ಹೇಳು ಎಂದಿದ್ದಾರೆಂದು ನನಗೆ ಅನುಮಾನ. ಹೇಳಿದ್ದರೆ ಹೇಳಿಕೊಳ್ಳಲಿ. ನೀನು ಮಾತ್ರ ನಿಮ್ಮಪ್ಪನ ಮೇಲಿನ ಪ್ರೀತಿಗೆ ಸುಳ್ಳು ಬರೆಯಬೇಡ ಮಗಳೇ.